ಮಾಸ್ತರರ ಒಂದೇ ಟೊಮೆಟೊ

ಜಳಕ ಮುಗಿಸಿ ಹಿತ್ತಲಿಗೆ ಬಂದ ಈರಬಸಪ್ಪ ಮಾಸ್ತರರಿಗೆ ಗಿಡ ಕಂಡಿತು, ಹಣ್ಣು ಕಾಣಲಿಲ್ಲ.

ಇದ್ದದ್ದೇ ಒಂದು ಹಣ್ಣು. ನಿವೃತ್ತರಾದ ಮೇಲೆ ಬಮ್ಮಿಗಟ್ಟಿಯ ಮನೆಯಲ್ಲಿ ಹೊತ್ತು ಹೋಗದೆ, ಟೊಮೆಟೊ ಹಿಂಡಿ, ಬೀಜ ತೊಳೆದು, ಬೂದಿ ಹಚ್ಚಿ ಒಣಗಿಸಿ, ಹಳೆಯ ಎಣ್ಣೆ ಡಬ್ಬಿಯಲ್ಲಿ ಬಿತ್ತಿದ್ದರು. ಹನ್ನೊಂದು ಸಸಿ ಎದ್ದವು. ಹತ್ತು ಸೊಂಟ ಬಾಗಿಸಿ ಮಲಗಿಬಿಟ್ಟವು. ಉಳಿದ ಒಂದನ್ನು ಮಾಸ್ತರರು ಮೊದಲ ಬೆಂಚಿನ ಹುಡುಗನಂತೆ ಸಾಕಿದ್ದರು.

ಅದಕ್ಕೆ ಕಾರಣ ದುಮ್ಮವಾಡದ ಬೀಗರು ಮಡಿವಾಳೆಪ್ಪ. ಎರಡೆಕರೆ ಟೊಮೆಟೊ ಬೆಳೆಯುವ ಮನುಷ್ಯ. ಮಗಳ ಮದುವೆಯಲ್ಲಿ ನಾಲ್ಕು ಜನರೆದುರು, "ಬೋರ್ಡಿನ ಮ್ಯಾಲ ಖಡು ಹಿಡದು ಬರದ ಕೈಯಾಗ ಬೀಜ ಮೊಳಕಿ ಒಡಿಯಂಗಿಲ್ರಿ ಮಾಸ್ತರ" ಎಂದು ನಕ್ಕಿದ್ದರು. ಇವತ್ತು ಮಧ್ಯಾಹ್ನ ಅವರು ಊಟಕ್ಕೆ ಬರುವವರಿದ್ದರು.

ಗೋಡೆಯ ಬದಿಯಲ್ಲಿ ಬಾಜು ಮನೆಯ ದುಂಡವ್ವನ ಆಡು ಮೆಲುಕು ಹಾಕುತ್ತಿತ್ತು.

"ದುಂಡವ್ವ, ನಿನ್ನ ಆಡು ನನ್ನ ಹಣ್ಣು ತಿಂದೈತಿ!"

"ಆಡು ತಿಂದಿದ್ರ ಗಿಡಾನ ಉಳೀತಿದ್ದಿಲ್ರಿ. ಬೇಕಾದ್ರ ಬಾಯಿ ತಗದು ನೋಡ್ರಿ."

ಮಾಸ್ತರರು ನಿಜವಾಗಿಯೂ ನೋಡಹೋದರು. ಆಡು ಅವರ ಧೋತರದ ಚುಂಗನ್ನೇ ಬಾಯಿಗೆ ಹಾಕಿಕೊಂಡಿತು. ಎಳೆದಾಟದಲ್ಲಿ ಧೋತರ ಪರ್ರೆಂದು ಹರಿಯಿತು. ಸದ್ದಿಗೆ ಓಣಿಯ ಅರ್ಧ ಜನ ಗೋಡೆಗೆ ಬಂದು ನಿಂತರು. ಮಂಗ ಒಯ್ದಿದೆ ಎಂದರು ಒಬ್ಬರು. ಗಿಳಿ ಎಂದರು ಮತ್ತೊಬ್ಬರು.

"ಗಿರಣಿಗೆ ಹೋದ ನೀಲಕ್ಕನ್ನ ಕೇಳೀರೇನ್ರಿ?" ಎಂದಳು ಹಿಂದಿನ ಮನೆಯ ಬಾಷಾಬಿ.

"ಬ್ಯಾಡವಾ! ಗಿಡ ಹಚ್ಚೀನಂತ ಹೆಂಡ್ತಿ ಮೂರು ತಿಂಗಳು ನಕ್ಕಾಳ. ಇದು ಗೊತ್ತಾದ್ರ ಸಾಯೂತನಕ ನಗ್ತಾಳ."

"ಹಂಗಾರ ತಡೀರಿ" ಎಂದು ಬಾಷಾಬಿ ಕಲಘಟಗಿ ಸಂತೆಯಿಂದ ತಂದಿದ್ದ ಒಂದು ಕೆಂಪು ಟೊಮೆಟೊ, ಒಂದೆಳೆ ಹಸಿರು ದಾರ ತಂದಳು. ಮಾಸ್ತರರು ಒಲ್ಲೆ ಒಲ್ಲೆ ಎನ್ನುತ್ತಲೇ ರೆಂಬೆ ಹಿಡಿದರು, ಅವಳು ಕಟ್ಟಿದಳು.

ಬೀಗರು ಬಂದವರೇ ಗಿಡದ ಮುಂದೆ ಕುಕ್ಕುರುಗಾಲಲ್ಲಿ ಕುಳಿತರು.

"ಅಗದಿ ನಮ್ಮ ಹೊಲದ ಹಣ್ಣಿನಂಗ ಐತ್ರಿ ಬೀಗ್ರ! ನಾ ಸೋತೆ" ಎಂದು ಮಡಿವಾಳೆಪ್ಪ ಕೈ ಮುಗಿದರು.

ಮಾಸ್ತರರು ಎರಡು ಬೆರಳು ಎತ್ತರವಾದರು.

ಊಟಕ್ಕೆ ಕುಳಿತಾಗ ನೀಲಕ್ಕ ಬೀಗರ ರೊಟ್ಟಿಯ ಪಕ್ಕಕ್ಕೆ ಒಂದು ಸಣ್ಣ ಬಟ್ಟಲು ಇಟ್ಟಳು. ಗಂಡನತ್ತ ನೋಡಿ ಮೆಲ್ಲಗೆ ನಕ್ಕಳು.

"ಇದು ನಮ್ಮ ಗಿಡದ ಟಮಾಟಿ ಚಟ್ನಿರಿ ಬೀಗ್ರ. ಇದ್ದದ್ದ ಒಂದು ಹಣ್ಣು. ನೀವು ಬರ್ತೀರಂತ ನಸಿಕಿನ್ಯಾಗ ಹರಕೊಂಡ ಬಂದೆ. ಇವ್ರಿಗೂ ಹೇಳಿಲ್ಲ."

ಮಾಸ್ತರರ ತುತ್ತು ಅಲ್ಲಿಯೇ ನಿಂತಿತು. ಮಡಿವಾಳೆಪ್ಪ ಬಟ್ಟಲು ನೋಡಿದರು; ತೆರೆದಿದ್ದ ಹಿತ್ತಲ ಬಾಗಿಲಿನಾಚೆ ಗಿಡ ನೋಡಿದರು. ಗಾಳಿಗೆ ಹಣ್ಣು ದಾರದ ತುದಿಯಲ್ಲಿ ಗಿರಗಿರನೆ ಒಂದು ಸುತ್ತು ತಿರುಗಿತು.

"ಮುಂಜಾನೆ ಹರದ್ರ ಮಧ್ಯಾಹ್ನಕ್ಕ ಮತ್ತೊಂದು ಬಿಟ್ಟೈತಿ. ನಮ್ಮ ಎರಡೆಕರೆದಾಗ ಇಂಥಾ ಗಿಡ ಒಂದೂ ಇಲ್ರಿ!" ಎಂದರು ಬೀಗರು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಮಾಸ್ತರರು ತಲೆ ಎತ್ತಲಿಲ್ಲ. ಬೀಗರು ಮಾತ್ರ ನಿಧಾನವಾಗಿ ರೊಟ್ಟಿ ಮುರಿದು ಚಟ್ನಿ ಬಳಿದು ತಿಂದರು. ಇನ್ನೊಂದು ತುತ್ತು. ಮತ್ತೊಂದು.

"ಖರೇ ಹೇಳ್ಲೇನ್ರಿ? ಈ ರುಚಿ ನಮ್ಮ ಹಣ್ಣಿಗಿಲ್ಲ. ನಿಮ್ಮ ಕೈಯಾಗ ಏನೋ ಐತಿ ಬೀಗ್ರ."

ಈ ಸಲ ಅವರು ನಗುತ್ತಿರಲಿಲ್ಲ. ಮಾಸ್ತರರು ಆಸೆಯಿಂದ ಬಟ್ಟಲಿನೊಳಗೆ ಇಣುಕಿದರು. ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು.