ಮಿಡ್ ಗುಂಡಿಯ ಮಹಿಮೆ

ನನ್ನ ಗಿಟಾರ್ ಒಂಟಿಯಾಗಿದ್ದಾಗ ಸಿಡಿಲಿನಂತೆ ಗುಡುಗುತ್ತದೆ. ನಾಲ್ಕು ಜನರ ನಡುವೆ ನುಡಿಸಿದರೆ ಮಾತ್ರ ಯಾರಿಗೂ ಕೇಳಿಸುವುದಿಲ್ಲ. (ಮನೆಯಲ್ಲಿ ನನ್ನ ಮಾತಿನ ಗತಿಯೂ ಅದೇ, ಆ ಕಥೆ ಬೇರೆ.)

ನಮ್ಮದು ಮೆಟಲ್ ಬ್ಯಾಂಡ್. ಹಲ್ಲಿನ ಡಾಕ್ಟರ್ ಡ್ರಮ್ಸ್ ಬಾರಿಸುತ್ತಾನೆ, ಕನ್ನಡಕದಂಗಡಿಯವನು ಅರಚುತ್ತಾನೆ, ಹಾಡಿನ ನಡುವೆ ಸೋಲೋ ನುಡಿಸಿ ಮೆರೆಯುವ ಲೀಡ್ ಗಿಟಾರ್ ನನ್ನದು. "ಭಾನುವಾರದ ಪ್ರಾಕ್ಟೀಸಲ್ಲೂ ನಿನ್ನ ಸೋಲೋ ಕೇಳಿಸದಿದ್ರೆ ಲೀಡ್ ನನ್ನ ಭಾವಮೈದನಿಗೆ" ಎಂದು ಡಾಕ್ಟರ್ ಹಲ್ಲು ಕೀಳುವಷ್ಟೇ ನಿರ್ದಯವಾಗಿ ಹೇಳಿಬಿಟ್ಟಿದ್ದ.

ಶನಿವಾರ ಬೆಳಿಗ್ಗೆ ಆಂಪ್ಲಿಫೈಯರ್ ಮುಂದೆ ಯುದ್ಧಸನ್ನದ್ಧನಾಗಿ ಕೂತೆ. ಸದ್ದನ್ನು ಒರಟಾಗಿಸುವ ಗೇನ್ ಗುಂಡಿ ಪೂರ್ತಿ! ಗುಡುಗಿನ ಬೇಸ್ ಪೂರ್ತಿ! ಕೀರಲಿನ ಟ್ರೆಬಲ್ ಪೂರ್ತಿ! ನಡುವಿನ ದನಿಯ ಮಿಡ್ ಗುಂಡಿ ಮಾತ್ರ ಸೊನ್ನೆ. ತಂತಿ ಮೀಟಿದೆ ನೋಡಿ, ಆನೆಗಳ ಹಿಂಡು ಕಬ್ಬಿಣದ ಸೇತುವೆ ದಾಟಿದಂತಾಯಿತು! ಕಿಟಕಿಯ ಗಾಜು ನಡುಗಿತು, ನನಗೆ ರೋಮಾಂಚನ.

"ರೀ, ಹಾಲು ಉಕ್ತಿದೆ!"

ಆನೆಗಳ ಹಿಂಡನ್ನೂ ಗಡಗಡಿಸುತ್ತಿದ್ದ ವಾಷಿಂಗ್ ಮಷೀನನ್ನೂ ಸೀಳಿಕೊಂಡು ಹೆಂಡತಿಯ ದನಿ ಒಂದಕ್ಷರವೂ ಸವೆಯದೆ ಬಂತು. ಓಡಿಹೋಗಿ ಹಾಲು ಇಳಿಸಿದೆ (ಅರ್ಧವನ್ನು). ಥಟ್ಟನೆ ಜ್ಞಾನೋದಯವಾಯಿತು.

"ಅದು ಹೇಗೇ ನಿನ್ನ ದನಿ ಮಾತ್ರ ಕೇಳಿಸುತ್ತೆ?"

ಅವಳು ಆಂಪ್ಲಿಫೈಯರ್ ಬಳಿ ಬಂದು ಗುಂಡಿಗಳನ್ನು ನೋಡಿದಳು. "ಇಪ್ಪತ್ತು ವರ್ಷದಿಂದ ಬಸ್ ನಿಲ್ದಾಣದ ಮೈಕಲ್ಲಿ ಕೂಗ್ತಿದೀನಿ. ಗುಡುಗಿದ್ರೆ ಬಸ್ಸಿನ ಸದ್ದಲ್ಲಿ ಮುಳುಗುತ್ತೆ, ಕೀರಲು ದನಿ ತೆಗೆದ್ರೆ ಬ್ರೇಕಿನ ಸದ್ದಲ್ಲಿ ಕಳೆದುಹೋಗುತ್ತೆ. ನಡುವಿನ ದನೀನೇ ಜನಕ್ಕೆ ಮುಟ್ಟೋದು. ನೀವು ಅದನ್ನೇ ಸೊನ್ನೆ ಮಾಡ್ಕೊಂಡು ಕೂತಿದೀರಲ್ರೀ!"

ಗೇನ್ ಅರ್ಧಕ್ಕಿಳಿಸಿ, ಮಿಡ್ ಏರಿಸಿ ಸೊಂಟದ ಮೇಲೆ ಕೈಯಿಟ್ಟಳು. "ಈಗ ನುಡಿಸಿ. ನಾನು ಬೈತಾ ಇರ್ತೀನಿ. ನನ್ನನ್ನ ಮೀರಿ ಕೇಳಿಸಿದ್ರೆ ಗೆದ್ರಿ."

ಹಾಸಿಗೆಯ ಮೇಲಿನ ಒದ್ದೆ ಟವೆಲ್‌ನಿಂದ ಆರಂಭಿಸಿ ನನ್ನ ಅಕ್ಕನವರೆಗೆ ಬೈದಳು. ನಾನು ಒಂದೊಂದು ಬೈಗುಳಕ್ಕೂ ಮಿಡ್ ಗುಂಡಿಯನ್ನು ಎಳ್ಳಷ್ಟು ತಿರುಗಿಸುತ್ತಾ ನುಡಿಸಿದೆ. ಕೊನೆಗೆ ಅವಳು ಕಿವಿ ಮುಚ್ಚಿಕೊಂಡು, "ಕೇಳಿಸ್ತು!" ಎಂದಳು. ಮದುವೆಯಾದ ಮೇಲೆ ನನ್ನ ಎದುರುತ್ತರ ಅವಳಿಗೆ ಮುಟ್ಟಿದ್ದು ಅದೇ ಮೊದಲು!

ಭಾನುವಾರ ಸಾಕ್ಷಿಗೆಂದು ಅವಳನ್ನೂ ಡಾಕ್ಟರ ಗ್ಯಾರೇಜಿಗೆ ಕರೆದೊಯ್ದೆ. ಸೋಲೋ ಬಂತು. ಡ್ರಮ್ಸನ್ನೂ ಅರಚಾಟವನ್ನೂ ಕತ್ತರಿಸಿಕೊಂಡು ನನ್ನ ಸ್ವರಗಳು ಕತ್ತಿಯಂತೆ ಹೊಳೆದವು! ಅರ್ಧ ನಿಮಿಷಕ್ಕೆ ಎಲ್ಲರೂ ನುಡಿಸುವುದನ್ನು ನಿಲ್ಲಿಸಿದರು. ಮೂಕವಿಸ್ಮಯ ಎಂದುಕೊಂಡೆ.

"ಪ್ರತಿ ಸ್ವರವೂ ಸ್ಪಷ್ಟವಾಗಿ ಕೇಳಿಸ್ತು ಕಣೋ" ಎಂದ ಡಾಕ್ಟರ್ ಸಣ್ಣ ದನಿಯಲ್ಲಿ.

ಕನ್ನಡಕದಂಗಡಿಯವನು ಹಣೆ ಒರೆಸಿಕೊಂಡ. "ಇಷ್ಟು ವರ್ಷವೂ ಇದನ್ನೇ ನುಡಿಸ್ತಿದ್ಯಾ?"

ಯಾರೂ ನನ್ನ ಮುಖ ನೋಡಲಿಲ್ಲ. ಡಾಕ್ಟರ್ ನನ್ನ ಹೆಂಡತಿಯ ಕಡೆ ತಿರುಗಿ ಕೈಮುಗಿದ. "ಅತ್ತಿಗೆ, ಇವತ್ತಿಂದ ನಮ್ಮ ಬ್ಯಾಂಡಿನ ಸೌಂಡ್ ನೀವೇ ನೋಡ್ಕೊಳ್ಳಿ."

ಅವಳು ಗಂಭೀರವಾಗಿ ಎದ್ದು ಬಂದು ಮಿಡ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿದಳು. "ಹ್ಞಾಂ, ಈಗ ಎಷ್ಟು ಬೇಕಾದ್ರೂ ನುಡಿಸ್ರೀ."

ಲೀಡ್ ಗಿಟಾರ್ ಈಗಲೂ ನನ್ನದೇ. ಕೇಳಿಸಬಾರದು ಎಂಬುದೊಂದೇ ಷರತ್ತು.