ನಮ್ಮ ಕೆಂಪು ವೈನನ್ನು ಪತ್ತೆಹಚ್ಚಿದ ಮಹನೀಯರಿಗೆ

ಪ್ಯಾರಿಸ್ಸಿನ ಭಾನುವಾರದ ಪುರವಣಿಯಲ್ಲಿ ‘ಯಾರೂ ಅರಿಯದ ಅಗ್ಗದ ಕೆಂಪು ವೈನುಗಳು’ ಎಂಬ ಅಂಕಣ ಬರೆಯುವ ಮೊಸಿಯೆ ಗೊಂತ್ರಾನ್ ವಾಸೆಲ್ ಅವರಿಗೆ, ಓವೆರ್ನ್ ಸೀಮೆಯ ಶೋವ್ರಾಕ್ ಹಳ್ಳಿಯಿಂದ ಓದೀಲ್ ಶಾಸಾನ್ ಮಾಡುವ ವಂದನೆಗಳು.

ಮಾನ್ಯರೇ,

ತಾವೂ ತಮ್ಮ ನಾಲಿಗೆಯೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು, ನಮ್ಮವರು ರೆಜಿಸ್, ಎಂಬತ್ತನಾಲ್ಕು ತುಂಬಿದ ನಮ್ಮ ಅತ್ತೆ ಲಿಯೊಂತೀನ್, ಮೂವರೂ ದೇವರ ದಯದಿಂದ ಚೆನ್ನಾಗಿಯೇ ಇದ್ದೆವು, ತಾವು ನಮ್ಮನ್ನು ಪತ್ತೆಹಚ್ಚುವ ತನಕ.

ಆರು ತಲೆಮಾರಿನಿಂದ ಈ ಗುಡ್ಡದ ಮೇಲೆ ದ್ರಾಕ್ಷಿ ಬೆಳೆಯುತ್ತಿದ್ದರೂ ನಾವು ಕಳೆದುಹೋಗಿದ್ದೇವೆಂಬುದು ನಮಗೆ ಗೊತ್ತೇ ಇರಲಿಲ್ಲ. ಅಂಚೆಯವನು ದಿನವೂ ಬರುತ್ತಾನೆ, ತೆರಿಗೆಯವರು ವರ್ಷವೂ ಬರುತ್ತಾರೆ, ಆಲಿಕಲ್ಲಂತೂ ಒಮ್ಮೆಯೂ ದಾರಿ ತಪ್ಪಿದ್ದಿಲ್ಲ. ನಾವಿರುವ ಸಂಗತಿ ಲೋಕಕ್ಕೆ ತಿಳಿದಿಲ್ಲವೆಂದು ನಮಗೇ ತಿಳಿಸಲು ತಮ್ಮಂಥ ಪಂಡಿತರೇ ಬರಬೇಕಾಯಿತು.

ಕಳೆದ ನವೆಂಬರಿನ ಆ ಮಧ್ಯಾಹ್ನ ತಮ್ಮನ್ನು ಕಕ್ಕಸುಗುಂಡಿ ತಪಾಸಣೆಗೆ ಬಂದ ಪಂಚಾಯಿತಿಯ ಮನುಷ್ಯನೆಂದು ತಿಳಿದು ನೇರ ಹಿತ್ತಲಿಗೆ ಕರೆದೊಯ್ದದ್ದಕ್ಕೆ ಕ್ಷಮೆ ಇರಲಿ. ಆದರೆ ತಾವೂ ಅಷ್ಟೇ ಭಕ್ತಿಯಿಂದ ಬಗ್ಗಿ ಮೂಸಿದಿರಲ್ಲ, ನಾನೇನು ಮಾಡಲಿ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸಬಾರದೆಂದು ಎಲೆಕೋಸಿನ ಸೂಪು ಬಡಿಸಿ, ಬೋಗುಣಿಯ ತಳದಲ್ಲಿ ಎರಡು ಚಮಚ ಉಳಿದಾಗ ನಮ್ಮ ರೂಢಿಯಂತೆ ಹೂಜಿಯ ಕೆಂಪು ವೈನು ಸುರಿದು, ಎತ್ತಿ ಕುಡಿಯಿರೆಂದು ತೋರಿಸಿಕೊಟ್ಟೆ. ಇದಕ್ಕೆ ನಾವು ಶಬ್ರೋ ಎನ್ನುತ್ತೇವೆ. ತಾವು ಕುಡಿದು ಬಹಳ ಹೊತ್ತು ಕಣ್ಣು ಮುಚ್ಚಿದಿರಿ. ಊಟದ ನಂತರದ ಪ್ರಾರ್ಥನೆಯೆಂದು ಭಾವಿಸಿ ನಾನೂ ಶಿಲುಬೆಯ ಗುರುತು ಹಾಕಿಕೊಂಡೆ.

ಆಮೇಲೆ ಪತ್ರಿಕೆ ಬಂತು. ನಮ್ಮ ವೈನಿನಲ್ಲಿ ಜಜ್ಜಿದ ಕರಿಕಲ್ಲು, ಒಂಟಿ ಕಾಗೆಯ ಬೇಸರ, ನೆನೆದ ಜೀನಿನ ನೆನಪು, ಇವೆಲ್ಲ ಇವೆಯೆಂದೂ ಇಷ್ಟೆಲ್ಲ ಇದ್ದೂ ಬೆಲೆ ನಾಚಿಕೆಯಾಗುವಷ್ಟು ಕಡಿಮೆಯೆಂದೂ ಬರೆದಿರಿ. ನಮ್ಮ ಮನೆಯಲ್ಲಿ ಕುದುರೆಯೇ ಇರಲಿಲ್ಲ ಸ್ವಾಮಿ, ಜೀನೆಲ್ಲಿಂದ ಬಂತು? ಮಾರುವ ಪದಾರ್ಥದಲ್ಲಿ ಕಾಗೆಯ ಬೇಸರವಿದ್ದರೆ ಪಾಪವೇ ಎಂದು ಪಾಪನಿವೇದನೆಯಲ್ಲಿ ಕೇಳಿದೆ. ಗುರುಗಳಾದ ಫಾದರ್ ತಿಕ್ಸಿಯೆ ಸ್ವಲ್ಪ ಯೋಚಿಸಿ, ಪರೀಕ್ಷಿಸಿ ಹೇಳುತ್ತೇನೆಂದು ಎರಡು ಬಾಟಲಿ ತರಿಸಿಕೊಂಡರು. ಇನ್ನೂ ಹೇಳಿಲ್ಲ.

ನಮ್ಮವರಿಗಂತೂ ತಾವು ಮಾಡಿದ ಉಪಕಾರ ಇಷ್ಟಿಷ್ಟಲ್ಲ. ತಮ್ಮ ಅಂಕಣಕ್ಕೆ ಕಟ್ಟು ಹಾಕಿಸಿ ಯೇಸುಸ್ವಾಮಿಯ ಪಕ್ಕದಲ್ಲೇ ಮೊಳೆ ಹೊಡೆದಿದ್ದಾರೆ. ಈಗ ಅವರು ಲೋಟವನ್ನು ಬೆಳಕಿಗೆ ಹಿಡಿದು, ಮೂರು ಸುತ್ತು ತಿರುಗಿಸಿ, ಮೂಗು ಇಳಿಬಿಟ್ಟ ಮೇಲೆಯೇ ಊಟಕ್ಕೆ ಕೂರುವುದು. ಸೂಪಿಗೆ ಸುರಿದುಕೊಳ್ಳಿ ಎಂದರೆ, “ಸೂಪಿಗಾ? ಅದರ ಮೈಕಟ್ಟು ಹಾಳಾಗುತ್ತೆ ಕಣೇ” ಎಂದರು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ನನ್ನ ಮೈಕಟ್ಟಿನ ಬಗ್ಗೆ ಆ ಮನುಷ್ಯ ಇಷ್ಟು ಕಾಳಜಿ ಮಾಡಿದ್ದನ್ನು ನಾನು ಕಂಡಿಲ್ಲ. ಲಿಯೋನಿಂದ, ಬ್ರಸೆಲ್ಸಿನಿಂದ ಕಾರುಗಳು ಬಂದವು. ಬಂದವರೆಲ್ಲ ಕಾಗೆಯನ್ನು ಹೊಗಳಿದರು. ಹೊಗಳಿದವರಿಗೆಲ್ಲ ನಮ್ಮವರು ನೆಲಮಾಳಿಗೆಯ ಬಾಗಿಲು ತೆರೆದರು. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಮುಗಿಯುವಷ್ಟರಲ್ಲಿ ಪೀಪಾಯಿಗಳನ್ನು ಬಡಿದರೆ ಡೋಲಿನ ಸದ್ದು.

ಮಾನ್ಯರೇ, ಇಷ್ಟೇ ಆಗಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ. ನಮ್ಮ ಕಡೆ ದ್ರಾಕ್ಷಿ ಬೆಳೆಯುವವರನ್ನು ಕಾಯುವವನು ಸಂತ ವೆರ್ನಿ. ಅವನ ಮರದ ಮೂರ್ತಿ ಒಂದೊಂದು ವರ್ಷ ಒಂದೊಂದು ಮನೆಯಲ್ಲಿರುತ್ತದೆ. ಮೇ ಇಪ್ಪತ್ತರ ಹಬ್ಬದಂದು ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಆ ಮನೆಯ ಹಿರಿಯ ಹೆಂಗಸು ತಮ್ಮದೇ ತೋಟದ ಕೆಂಪು ವೈನನ್ನು ಊರಿಗೆಲ್ಲ ಕೈಯಾರೆ ಬಡಿಸಬೇಕು. ಬಡಿಸಲಾಗದಿದ್ದರೆ ಸಂತ ಅಂದೇ ಮುಂದಿನ ಮನೆಗೆ ಹೊರಡುತ್ತಾನೆ. ಸರದಿ ಬರುವುದು ಇಪ್ಪತ್ತೆರಡು ವರ್ಷಕ್ಕೊಮ್ಮೆ, ಈ ವರ್ಷ ನಮ್ಮದು. ಕಳೆದ ಸಲ ಅತ್ತೆಯ ಕಾಲು ಮುರಿದಿತ್ತು, ಅವರ ಓರಗಿತ್ತಿ ಬಡಿಸುವುದನ್ನು ಕಿಟಕಿಯಿಂದ ನೋಡಿದ್ದರು. ಈ ಸಲ ಕ್ರಿಸ್ಮಸ್ಸಿನಿಂದಲೇ ಹೂಜಿಗೆ ನೀರು ತುಂಬಿಕೊಂಡು ಒಂದು ಹನಿ ಚೆಲ್ಲದಂತೆ ಅಭ್ಯಾಸ ಮಾಡುತ್ತಿದ್ದಾರೆ.

ಪೀಪಾಯಿ ಬರಿದಾದದ್ದು ತಿಳಿದಾಗ ಅವರು ಕೂಗಾಡಲಿಲ್ಲ. ಮಗನಿಗೆ, “ಹೊಗಳಿಸಿಕೊಂಡೆಯಲ್ಲಪ್ಪಾ, ಈಗ ಆ ಕಾಗದಾನೇ ಹಿಂಡಿ ಊರಿಗೆ ಬಡಿಸು” ಎಂದರು. ನನ್ನ ಕಡೆ ತಿರುಗಿ, “ಮುಂದಿನ ಸರದಿಗೆ ನನಗೆ ನೂರಾ ಆರು ಕಣಮ್ಮ. ಆಗ ಕೈ ನಡುಗುತ್ತೇನೋ” ಎಂದರು. ಪಕ್ಕದ ತೋಟದ ಫೋಜೇರ್ ಆಗಲೇ ಸಂತನಿಗೆಂದು ತನ್ನ ಹಜಾರಕ್ಕೆ ಸುಣ್ಣ ಹೊಡೆಸಿದ್ದಾನೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೆಂದರೆ, ನಮ್ಮನ್ನು ಪತ್ತೆಹಚ್ಚಿದಷ್ಟೇ ಸಮರ್ಥವಾಗಿ ಮತ್ತೆ ಕಳೆದುಹಾಕಬೇಕು. ಮುಂದಿನ ಭಾನುವಾರ, ಶೋವ್ರಾಕಿನಲ್ಲಿ ತಾವು ಮೂಸಿ ಮೆಚ್ಚಿದ್ದು ಹಿತ್ತಲಿನ ಗುಂಡಿಯನ್ನೇ ಎಂದು ಬರೆಯಬೇಕು. ಓದುಗರು ಕುಡಿಯದೆ ಉಳಿಸಿದ್ದನ್ನು ಹಿಂದಿರುಗಿಸುವಂತೆ, ದೇವರಿಗೆ ಅಸಾಧ್ಯವಾದುದಿಲ್ಲವಾದ್ದರಿಂದ ಕುಡಿದದ್ದನ್ನೂ ಹಿಂದಿರುಗಿಸುವಂತೆ ತಿಳಿಸಬೇಕು. ಪತ್ತೆಹಚ್ಚುವ ಚಪಲ ಇನ್ನೂ ಉಳಿದಿದ್ದರೆ ಫೋಜೇರನ ವೈನಿದೆ. ಅದನ್ನು ಇದುವರೆಗೆ ಯಾರೂ ಪತ್ತೆಹಚ್ಚಿಲ್ಲ, ಕುಡಿದರೆ ಕಾರಣ ತಿಳಿಯುತ್ತದೆ.

ಇನ್ನು ತಾವು ಮುಂಗಡ ಹಣ ಕೊಟ್ಟು ಸ್ವಂತಕ್ಕೆಂದು ತರಿಸಿಕೊಳ್ಳಲಿದ್ದ ಇಪ್ಪತ್ನಾಲ್ಕು ಬಾಟಲಿಗಳ ವಿಷಯ. ಮಾರ್ಚಿನಲ್ಲೇ ನಮ್ಮವರು ಅವನ್ನು ಕಟ್ಟಿಟ್ಟು, ಅಂಚೆಗೆ ಹಾಕಿಬಾ ಎಂದರು. ಆಗಲಿ ಎಂದೆ. ಯಾವಾಗ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವು ನಮ್ಮ ಕೋಳಿಗೂಡಿನಲ್ಲಿ, ಹುಲ್ಲಿನ ಕೆಳಗೆ, ಮೂರು ಕಾವು ಕೋಳಿಗಳ ಕಾವಲಿನಲ್ಲಿ ಸುಖವಾಗಿವೆ. ತಾವು ಕೊಟ್ಟ ಹಣವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ನಮ್ಮೂರಿನಲ್ಲಿ ನೂರ ನಲವತ್ತು ಜನ. ಲೋಟ ತುಂಬಿಸದೆ ಸುರಿದರೆ ಎಲ್ಲರಿಗೂ ಸಾಕು, ಸುರಿಯುವ ಕೈಯೂ ಪಳಗಿದೆ. ಇಪ್ಪತ್ತನೆಯ ತಾರೀಖು ಅತ್ತೆ ಬಡಿಸುತ್ತಾರೆ. ತಮಗೂ ಒಂದು ಲೋಟವಿದೆ. ಚರ್ಚಿನಲ್ಲಿ ಹಾಡುವವರ ಹಿಂದೆ ಸಾಲಿನಲ್ಲಿ ನಿಲ್ಲಬೇಕು, ಅತ್ತೆಯೆದುರು ಮೂಸಬಾರದು.

ತಮ್ಮ ವಿಶ್ವಾಸಿ,
ಓದೀಲ್ ಶಾಸಾನ್

ತಾ.ಕ.: ಹಬ್ಬದ ದಿನ ಮಳೆ ಬಂದರೆ ಸಂತ ವೆರ್ನಿಯ ಮೂರ್ತಿಯನ್ನೇ ಚೌಕದ ಕಾರಂಜಿಯಲ್ಲಿ ಮುಳುಗಿಸಿ ಬುದ್ಧಿ ಕಲಿಸುವುದು ನಮ್ಮೂರಿನ ಹಳೆಯ ಪದ್ಧತಿ. ಈ ವರ್ಷ ಸಂತನದೇನೂ ತಪ್ಪಿಲ್ಲವೆಂದು ಊರವರು ಒಮ್ಮತದಿಂದ ತೀರ್ಮಾನಿಸಿದ್ದಾರೆ. ತಾವು ಬರುವಾಗ ಒಂದು ಜೊತೆ ಬದಲಿ ಬಟ್ಟೆ ತರುವುದು.