ಕಾಂಪೌಂಡರ್ ಸಾಹೇಬರ ಗುರುವಾರದ ತೆಪ್ಪ

ಸರ್ಕಾರಿ ನೌಕರನಿಗೂ ನೀರಿಗೂ ಆಗಿಬರುವುದಿಲ್ಲ. ಇದು ಗೊತ್ತಿದ್ದೂ ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರಿನ ನಾವು ಕೆಲವರು ಪ್ರತಿ ಗುರುವಾರ ಆಫೀಸು ಮುಗಿಸಿ ಊರಾಚೆಯ ಕೆರೆಗೆ ಹೋಗುತ್ತಿದ್ದೆವು. ಪ್ರತಿ ಗುರುವಾರವೂ ಏನಾದರೊಂದು ಎಡವಟ್ಟಾಗುತ್ತಿತ್ತು.

ಖಾಲಿ ಟಾರ್ ಡ್ರಮ್ಮುಗಳ ಮೇಲೆ ಬಿದಿರು ಬಿಗಿದ ಎರಡು ತೆಪ್ಪ, ನಡುವೆ ಒಂದು ಗಳ, ಗಳಕ್ಕೆ ಬಟ್ಟೆಯ ಹಾಯಿ. ಒಂದು ಕರೆಂಟ್ ಆಫೀಸಿನವರದು, ಇನ್ನೊಂದು ನಮ್ಮ ದನದ ಆಸ್ಪತ್ರೆಯದು. ನಮ್ಮ ಕ್ಯಾಪ್ಟನ್ ಕಾಂಪೌಂಡರ್ ಸಾಹೇಬರು. ಗುಮಾಸ್ತನಾದ ನಾನು ಹಾಯಿಯ ಹಗ್ಗ ಹಿಡಿಯುವವನು. ಮೂರನೆಯವನು ಅವತ್ತು ಯಾರು ಸಿಕ್ಕಿದರೆ ಅವನು. ನಡುನೀರಲ್ಲಿ ತೇಲಿಬಿಟ್ಟ ಡ್ರಮ್ಮು ಸುತ್ತಿ ಏರಿಗೆ ಮೊದಲು ಬಂದವರು ಗೆದ್ದಂತೆ. ನಾವು ಒಮ್ಮೆಯೂ ಗೆದ್ದಿರಲಿಲ್ಲ. ಸಾಹೇಬರಿಗೆ ಅದೇ ಕೊರಗು.

ಕೇಳಬಾರದ ಪ್ರಶ್ನೆ

ಒಂದು ಗುರುವಾರ ತರೀಕೆರೆ ಕಡೆಯಿಂದ ಒಳ್ಳೆ ಗಾಳಿ. ಶಿಳ್ಳೆ ಊದಿದ ತಕ್ಷಣ ನಾವೇ ಮುಂದಾದೆವು. ಏರಿ ಮೇಲೆ ಸೌದೆ ಹೊತ್ತು ಹೋಗುತ್ತಿದ್ದ ಎಮ್ಮೆದೊಡ್ಡಿಯ ಅಜ್ಜಿಯೊಬ್ಬರು ನಿಂತು, "ಎಲ್ಲಿಗಪ್ಪಾ ಹೊಂಟ್ರಿ?" ಎಂದರು.

ಸಾಹೇಬರು ಹುಟ್ಟು ಹಾಕುವುದನ್ನು ನಿಲ್ಲಿಸಿದರು. "ತಿರುಗಿಸೋ ತೆಪ್ಪಾನ."

"ಸಾರ್, ರೇಸು ನಡೀತಿದೆ."

"ಹೊರಟಾಗ ಎಲ್ಲಿಗೆ ಅಂತ ಕೇಳಿದ್ಮೇಲೆ ಹೋದ ಕೆಲಸ ಆಗುತ್ತೇನೋ?"

ದಡಕ್ಕೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಟೆವು. ಅಷ್ಟರಲ್ಲಿ ಕರೆಂಟಿನವರು ಡ್ರಮ್ಮು ಸುತ್ತಿ ವಾಪಸು ಬರುತ್ತಿದ್ದರು. ಅವರ ಲೈನ್‌ಮನ್ ಭಕ್ತಿಯಿಂದ ಕೈ ಮುಗಿದು, "ಎಲ್ಲಿಗೆ ಸಾರ್ ಹೊರಟ್ರಿ?" ಎಂದ. ಸಾಹೇಬರು ಮತ್ತೆ ತಿರುಗಿಸಿದರು.

ಓಡುವ ಡ್ರಮ್ಮು

ಇನ್ನೊಂದು ಸಂಜೆ ಸಾಹೇಬರು ಕನ್ನಡಕ ಮರೆತು ಬಂದಿದ್ದರು. "ಅಗೋ ಡ್ರಮ್ಮು" ಎಂದು ಕರಿಯದೇನನ್ನೋ ತೋರಿಸಿದರು. ನಾವು ಹೋದಷ್ಟೂ ಅದು ದೂರ ಹೋಗುತ್ತಿತ್ತು. ರಟ್ಟೆ ಬಿದ್ದುಹೋಗುವಷ್ಟು ಹುಟ್ಟು ಹಾಕಿ ಹತ್ತಿರ ಹೋದರೆ, ಡ್ರಮ್ಮಿಗೆ ಕೊಂಬಿತ್ತು.

ಸಾಹೇಬರು ಬಗ್ಗಿ ನೋಡಿದರು. "ಹಿರೇನಲ್ಲೂರಿಂದ ತಂದ ಎಮ್ಮೆ ಕಣೋ ಇದು. ಹೋದ ವಾರ ನಾನೇ ಸೂಜಿ ಚುಚ್ಚಿದ್ದೆ."

"ಅದಕ್ಕೂ ನಿಮ್ಮ ಗುರುತು ಸಿಕ್ಕಿದೆ ಸಾರ್. ಅದಕ್ಕೇ ಆಗಿಂದ ಓಡ್ತಿರೋದು" ಎಂದೆ.

ಬೀಳ್ಕೊಡುಗೆ

ಕೊನೆಗೆ ಸಾಹೇಬರಿಗೆ ಬಳ್ಳಾರಿ ಕಡೆಗೆ ವರ್ಗವಾಯಿತು. "ಒಂದ್ಸಲ ಗೆದ್ದು ಹೋಗ್ತೀನಿ ಕಣೋ. ಇಲ್ಲದಿದ್ರೆ ಅಲ್ಲಿ ನಿದ್ದೆ ಬರಲ್ಲ" ಎಂದಾಗ ನನಗೂ ಸಂಕಟವಾಯಿತು. ಕೊನೆಯ ಗುರುವಾರ ರೇಸು ಮುಗಿಯುವ ಹೊತ್ತಿಗೆ ಏರಿ ಮೇಲೆಯೇ ಬೀಳ್ಕೊಡುಗೆ ಎಂದು ಆಸ್ಪತ್ರೆಯವರು ನಿಶ್ಚಯಿಸಿದರು.

ಜನ ಇನ್ನೂ ಬಂದಿರಲಿಲ್ಲ. ತೆಪ್ಪ ಹತ್ತಿದರೆ ಹಾಯಿಯೇ ಇಲ್ಲ. ಅದು ಸಾಹೇಬರ ಮನೆಯ ದುಪ್ಪಟಿ. ಅವರ ಹೆಂಡತಿ ಅದರಲ್ಲಿ ಪಾತ್ರೆ ಗಂಟು ಕಟ್ಟಿ ಲಾರಿಗೆ ಹಾಕಿಸಿದ್ದರು. ಸಾಹೇಬರು ಸುತ್ತ ಒಮ್ಮೆ ನೋಡಿ, ಸಮಾರಂಭಕ್ಕೆಂದು ಉಟ್ಟಿದ್ದ ಜರಿ ಪಂಚೆ ಬಿಚ್ಚಿ ಗಳಕ್ಕೆ ಕಟ್ಟಿದರು. ಉಳಿದದ್ದು ಪಟ್ಟಾಪಟ್ಟಿ ಚಡ್ಡಿ.

ಆ ಪಂಚೆ ಗಾಳಿ ಹಿಡಿದ ಹಾಗೆ ದುಪ್ಪಟಿ ಎಂದೂ ಹಿಡಿದಿರಲಿಲ್ಲ. ಡ್ರಮ್ಮು ಸುತ್ತಿ ಬರುವಾಗ ನಾವೇ ಮುಂದು. ಆದರೆ ಏರಿ ತುಂಬ ಜನ, ಮೈಕು, ಮುಂದಿನ ಸಾಲಿನಲ್ಲಿ ಹೆಂಗಸರು.

"ಪಂಚೆ ಇಳಿಸ್ಲಾ ಸಾರ್?"

ಸಾಹೇಬರು ಹಿಂದೆ ನೋಡಿದರು. ಕರೆಂಟಿನವರು ಬೆನ್ನಿಗೇ ಇದ್ದರು. "ಇಳಿಸಿದ್ರೆ ಸೋತ್ವಿ. ಮಾನ ಬಳ್ಳಾರೀಲಿ ಮತ್ತೆ ಸಂಪಾದಿಸ್ಕೋತೀನಿ. ಹಗ್ಗ ಬಿಗಿಯಾಗಿ ಹಿಡಿ."

ಗೆದ್ದೆವು. ನಾನು ತೆಪ್ಪದ ಮೇಲೆ ಕುಣಿದೆ. ಪಂಚೆಯ ಗಂಟು ಮಾತ್ರ ನೀರು ಕುಡಿದು ಬಿಗಿದುಕೊಂಡು ಬಿಚ್ಚಲಿಲ್ಲ. ಮೈಕಿನಲ್ಲಿ ಹೆಸರು ಕೂಗಿದರು. ಸಾಹೇಬರು ಎದೆ ಸೆಟೆಸಿ ಹಾಗೆಯೇ ಏರಿ ಹತ್ತಿದರು.

ಹಾರ ಹಿಡಿದು ನಿಂತಿದ್ದ ಜವಾನನ ಕಡೆ ತಿರುಗಿ ಅವರ ಹೆಂಡತಿ ಕೇಳಿದರು: "ಇನ್ನೂ ಸ್ವಲ್ಪ ಉದ್ದದ್ದು ಸಿಗಲಿಲ್ವೇನಪ್ಪಾ?"